ನೀರುಗಂಟಿ ಹೇಳಿದ ಸುಳ್ಳು

ನಾವೆಲ್ಲ ತಾತ ಎನ್ನುತ್ತಿದ್ದ ನಮ್ಮೂರ ನೀರುಗಂಟಿ ನಗುವಾಗ ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹಲ್ಲುಗಳೆಲ್ಲ ತುಕ್ಕು ಹಿಡಿದ ಹಾಗೆ ಕಂದಾಗಿದ್ದವು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ವಾಲ್ವು ತಿರುಗಿಸಬೇಕೆಂದರೆ ಗುಂಡಿಯ ಪಕ್ಕ ನೆಲಕ್ಕೆ ಎದೆಯೂರಿ ಮಲಗಿ ಕೈ ಇಳಿಸುತ್ತಿದ್ದರು. ಎರಡಕ್ಕೂ ಕಾರಣ ಅವರೇ ಊರಿಗೆ ಬಿಡುತ್ತಿದ್ದ ಬೋರ್‌ವೆಲ್ ನೀರು, ಅದರೊಳಗಿನ ಫ್ಲೋರೈಡ್.

ಬೇತಮಂಗಲದಿಂದ ಕೆಜಿಎಫ್‌ಗೆ ಹೋಗುವ ನೀರಿನ ಪೈಪು ನಮ್ಮೂರ ಪಕ್ಕದಲ್ಲೇ ಹಾದುಹೋಗುತ್ತದೆ, ನಮಗೆ ಮಾತ್ರ ಅದರ ಹನಿಯೂ ಇಲ್ಲ. ಕೈಲಾದವರು ಕ್ಯಾನ್ ನೀರು ತರಿಸುತ್ತಾರೆ. ತಾತ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಅಂಗನವಾಡಿಯಲ್ಲಿ ಒಂದು ಲೋಟ ಕೊಟ್ಟರೂ ಬೇಡವೆಂದು ಕೈಯಾಡಿಸುತ್ತಿದ್ದರು.

"ಊರ್ಗೆ ಬಿಟ್ಟಿದ್ದೇ ನಂಗೂ, ಟೀಚರಮ್ಮ. ಬಿಡೋನೇ ಬೇರೆ ನೀರು ಕುಡುದ್ರೆ ಊರೋರ್ ಮುಂದೆ ಎಂಗ್ ಮಕ ತೋರ್ಸಲಿ?"

ನಾಲ್ಕು ವರ್ಷದ ಹಿಂದೆ, ಸುತ್ತಲ ಊರುಗಳಿಗೆಲ್ಲ ಸೇರಿಸಿ ಶುದ್ಧ ನೀರು ಕೊಡುವ ಯೋಜನೆ ಬರುತ್ತದೆಂದು ಸುದ್ದಿಯಾಯಿತು. ಎಲ್ಲೆಲ್ಲಿ ನೀರಿಲ್ಲವೆಂದು ನೋಡಲು ಅಧಿಕಾರಿಗಳು ಬರುವವರಿದ್ದರು. ನಾವು ಮಾಡಿದ್ದೇನು? ಬೀದಿ ತೊಳೆದೆವು, ರಂಗೋಲಿ ಹಾಕಿದೆವು. ತಾತ ನಾಲ್ಕು ದಿನ ನೀರು ಬಿಡದೆ ಟ್ಯಾಂಕು ತುಂಬಿಸಿಟ್ಟರು. ಬಂದವರ ಮುಂದೆ ಒಣ ನಲ್ಲಿ ತೋರಿಸುವುದೆಂದರೆ ಊರಿನ ಮಾನ ಹೋದಂತೆ. ಊರಲ್ಲಿ ಒಬ್ಬರೂ ಗೊಣಗಲಿಲ್ಲ. ಎಂಥ ಬುದ್ಧಿಗೇಡಿಗಳು ನಾವು.

ಅಧಿಕಾರಿ ಅಂಗನವಾಡಿಯ ನಲ್ಲಿ ತಿರುಗಿಸಿದಾಗ ನೀರು ಭರ್ರನೆ ಬಂತು. ದಿನವೂ ಹೀಗೇ ಬರುತ್ತದೆಯೇ ಎಂದು ಕೇಳಿದರು.

"ದಿನಾ ಇಂಗೇ ಬತ್ತದೆ ಸಾ," ಅಂದರು ತಾತ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವರ ಹಿಂದೆ ನಿಂತು ನಾನೂ ತಲೆಯಾಡಿಸಿದೆ. ಆ ಅಧಿಕಾರಿಗೆ ಕುಡಿಯಲು ಕೊಟ್ಟದ್ದು ಮಾತ್ರ ಕ್ಯಾನ್ ನೀರು.

ಯೋಜನೆಯ ಪಟ್ಟಿ ಬಂತು, ಅದರಲ್ಲಿ ನಮ್ಮೂರು ಇರಲಿಲ್ಲ.

ತಾತ ನಮ್ಮ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಅರ್ಜಿ ಬರೆಯಲು ಹೇಳಿದರು. ಅವರಿಗೆ ಓದುಬರಹ ಬರುತ್ತಿರಲಿಲ್ಲ, ಲೆಕ್ಕಾಚಾರ ಮಾತ್ರ ಎಂಜಿನಿಯರನದ್ದು. "ಅತ್ತು ಬೋರು ಕೊರ್ಸಿ ಎಂಟು ಬತ್ತೋಯ್ತು. ನಾವು ಕೊರುದ್ರೆ ಪಕ್ಕದೂರ್ದು ನಿಂತೋಯ್ತದೆ, ಅವ್ರು ಕೊರುದ್ರೆ ನಮ್ದು. ಆ ದುಡ್ಡೆಲ್ಲ ಸೇರ್ಸಿ ಒಂದೇ ಪೈಪು ಎಳೀಲಿ ಕಣಮ್ಮ, ಮಕ್ಕಳ ಮೂಳೆ ಉಳೀತವೆ." ಆಮೇಲೆ ದನಿ ತಗ್ಗಿಸಿದರು. "ಆವತ್ತು ನಾನು ಸುಳ್ಳೇಳ್ದೆ ಅಂತ ಮೊದಲ್ನೇ ಸಾಲಲ್ಲೇ ಬರಿ."

ನಾನು ಬರೆಯಲಿಲ್ಲ. ಇಳಿವಯಸ್ಸಿನಲ್ಲಿ ಅವರ ಕೆಲಸ ಹೋದರೆ? ನಾಲ್ಕು ಜನ ಆಡಿಕೊಂಡರೆ? ಉಳಿದದ್ದೆಲ್ಲ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. "ನಾನೇಳಿದ್ದು ಬರ್ದೆ ತಾನೆ?" ಎಂದು ಕೇಳಿದರು. ಬರೆದೆ ತಾತ, ಅಂದೆ.

ಬಂಗಾರಪೇಟೆಯ, ಕೋಲಾರದ ಕಚೇರಿಗಳಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಕೊಟ್ಟುಬಂದರು, ಸೀಟಿನಲ್ಲಿ ಕೂರಲು ಮೊಣಕಾಲು ಮಡಚಲಾಗುತ್ತಿರಲಿಲ್ಲ. ಪ್ರತಿ ಸಲವೂ ಅದೇ ಉತ್ತರ: ಪರಿಶೀಲನೆಯ ವೇಳೆ ನೀರು ಸಾಕಷ್ಟಿರುವುದು ಕಂಡುಬಂದಿದೆ. ನಾನು ಓದಿ ಹೇಳಿದಾಗ ತಾತ ತಲೆ ತಗ್ಗಿಸುತ್ತಿದ್ದರು.

"ತಪ್ಪು ಒಪ್ಕೊಂಡ್ರೂ ನಂಬ್ತಿಲ್ವಲ್ಲಮ್ಮ. ಅಂತಾ ಸುಳ್ಳ ಆಗೋದ್ನಾ ನಾನು?"

ಆಗಲಾದರೂ ಬಾಯಿ ಬಿಡಬಹುದಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಬಿಡಲಿಲ್ಲ. ಅರ್ಜಿಯ ಮೇಲೆ ಅರ್ಜಿ, ಮೂರು ವರ್ಷ.

ಈ ಬೇಸಿಗೆಯಲ್ಲಿ ತಾತ ವಾಲ್ವು ಗುಂಡಿಯ ಪಕ್ಕ ಮಲಗಿದವರು ಮೇಲೇಳಲಿಲ್ಲ. ಬಂಗಾರಪೇಟೆ ಆಸ್ಪತ್ರೆಯಿಂದ ಶವ ಬಂದ ದಿನ ನಲ್ಲಿಯಲ್ಲಿ ನೀರಿರಲಿಲ್ಲ. ಮನೆಗೊಂದು ಕ್ಯಾನ್ ತಂದು ಸ್ನಾನ ಮಾಡಿಸಿದರು. ಬದುಕಿರುವಾಗ ಒಂದು ಗುಟುಕು ಕುಡಿಯದ ನೀರನ್ನು ಅವರ ತಲೆಯ ಮೇಲೆ ಸುರಿಯುವುದನ್ನು ನೋಡಲಾಗದೆ ನಾನು ಒಳಗೆ ಹೋಗಿ ಅತ್ತೆ.

ಮಾರನೆಯ ದಿನ ಹೊಸ ಅರ್ಜಿ ಬರೆದೆ. ಮೊದಲ ಸಾಲಿನಲ್ಲಿ ಅವರ ಸುಳ್ಳು, ಎರಡನೆಯದರಲ್ಲಿ ನನ್ನದು. ಉತ್ತರ ಇನ್ನೂ ಬಂದಿಲ್ಲ. ನನ್ನ ಮಗಳಿಗೆ ಮುಂದಿನ ಹಲ್ಲುಗಳು ಹೊಸದಾಗಿ ಬಂದಿವೆ, ಮೇಲೆ ಕಂದು ಗೆರೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಆಗಲೇ ಕಲಿತಿದ್ದಾಳೆ.