ಗುಬ್ಬಿ ಮೊಳೆ, ಕುಣಿಗಲ್ ಮೊಳೆ ಮತ್ತು ಒಂದು ಅಕ್ಷತೆ ಕಾಳು

ಬೆಳಿಗ್ಗೆ ಐದೂ ಮುಕ್ಕಾಲು. ತುಮಕೂರಿನ ಬಸ್ ನಿಲ್ದಾಣದ ಬಳಿಯ ಅಂಗಡಿ ಸಾಲಿನಲ್ಲಿ ಎರಡೇ ದೀಪ ಉರಿಯುತ್ತಿವೆ. ಒಂದು ಟೀ ಅಂಗಡಿಯದು. ಇನ್ನೊಂದು, ಮೊಬೈಲ್ ಅಂಗಡಿಯ ಮುಚ್ಚಿದ ಶಟರ್ ಪಕ್ಕದಲ್ಲಿ ಗೋಡೆಗೆ ಒತ್ತಿಕೊಂಡಿರುವ ಪುಟ್ಟ ಮೇಜಿನದು. ಆ ಮೇಜಿನ ಹಿಂದೆ ಕೂತ ಅಖ್ತರ್ ಬಾನು ಇಯರ್‌ಫೋನಿನ ವಯರನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಸುಲಿಯುತ್ತಿದ್ದಾರೆ. ಒಳಗಿನ ತಾಮ್ರದ ಎಳೆಗಳನ್ನು ಬೆರಳಲ್ಲೇ ಬಿಡಿಸಿ, ಕೆಂಪನ್ನು ಅತ್ತ, ಹಸಿರನ್ನು ಇತ್ತ ಸರಿಸಿ, ಬೆಸುಗೆ ಕಡ್ಡಿ ಮುಟ್ಟಿಸುತ್ತಾರೆ. ಸಣ್ಣದಾಗಿ ಹೊಗೆ ಏಳುತ್ತದೆ. ಟೀ ಅಂಗಡಿಯಿಂದ ಎಳೆದುಕೊಂಡ ಕರೆಂಟಿನಲ್ಲಿ ಅವರ ದಿನ ಶುರುವಾಗುವುದು ಹೀಗೆ.

ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಓಡಿಬಂದು ಮೇಜಿನ ಮೇಲೆ ಇಯರ್‌ಫೋನ್ ಎಸೆಯುತ್ತಾಳೆ. "ಆಂಟಿ, ಎಡಗಡೆದು ಸತ್ತೋಗಿದೆ. ಸಂಜೆ ಬರ್ತೀನಿ."

"ಯಾವ್ ಬಸ್ಸಮ್ಮ?"

"ಕುಣಿಗಲ್!" ಎನ್ನುವಷ್ಟರಲ್ಲಿ ಹುಡುಗಿ ಅರ್ಧ ರಸ್ತೆ ದಾಟಿದ್ದಾಳೆ. ಅಖ್ತರ್ ಬಾನು ಆ ವಯರನ್ನು ಗೋಡೆಯ ಹಲಗೆಯ ಮೊದಲ ಮೊಳೆಗೆ ನೇತುಹಾಕುತ್ತಾರೆ. ಹಲಗೆಯಲ್ಲಿರುವುದು ಮೂರು ಮೊಳೆ. ಕುಣಿಗಲ್ ಕಡೆ ಹೋಗುವವರದು ಒಂದು, ಗುಬ್ಬಿ ಕಡೆಯವರದು ಇನ್ನೊಂದು, ದೇವರಾಯನದುರ್ಗದ ಕಡೆಯವರದು ಮೂರನೆಯದು. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವ ಗುತ್ತಿಗೆ ನೌಕರರೂ ಗುಬ್ಬಿ ಮೊಳೆಯವರೇ. ಚೀಟಿಯಿಲ್ಲ, ನಂಬರಿಲ್ಲ, ಹೆಸರೂ ಬರೆದುಕೊಳ್ಳುವುದಿಲ್ಲ.

ಹೆಸರಾದರೂ ಬರೆದುಕೊಳ್ಳಬಾರದೇ ಎಂದರೆ ನನ್ನನ್ನೇ ಪಾಪ ಎನ್ನುವ ಹಾಗೆ ನೋಡುತ್ತಾರೆ. "ಹೆಸ್ರು ಯಾಕ್ ಸಾರ್? ಒಂದೇ ಹೆಸ್ರು ಹತ್ತು ಜನಕ್ಕಿರ್ತದೆ. ವಯರ್ ಹಂಗಲ್ಲ, ಒಬ್ಬೊಬ್ರುದು ಒಂದೊಂಥರಾ ಹರಿದಿರ್ತದೆ. ಕೆಲವ್ರು ಎಳೀತಾರೆ, ಕೆಲವ್ರು ಕಚ್ತಾರೆ. ಫೋನಲ್ಲಿ ಜಗಳ ಆಡೋರು ತಿರುಚ್ತಾರೆ. ನೋಡಿದ ತಕ್ಷಣ ಗೊತ್ತಾಗ್ತದೆ."

ನಾನು ಅವರ ಬಳಿ ಮೊದಲು ಹೋದದ್ದು ಲೇಖನಕ್ಕಲ್ಲ. ವಯರಿಲ್ಲದ ನನ್ನ ಇಯರ್‌ಬಡ್‌ಗಳಲ್ಲಿ ಬಲಗಡೆಯದು ಸಿಟಿ ಬಸ್ಸಿನ ಕಿಟಕಿಯಿಂದ ಹಾರಿಹೋಗಿತ್ತು. ಒಂದನ್ನೇ ಹಿಡಿದು ಹೋಗಿ, ಜೋಡಿ ಸಿಗುತ್ತದೆಯೇ ಎಂದು ಕೇಳಿದೆ. ಅವರು ಅದನ್ನು ಅಂಗೈಯಲ್ಲಿಟ್ಟು ನೋಡಿ, "ವಯರ್ ಇದ್ದಿದ್ರೆ ಇದು ಅದನ್ನ ಹಿಡ್ಕೊಂಡಿರ್ತಿತ್ತು ಬಿಡಿ" ಎಂದು ವಾಪಸ್ ಕೊಟ್ಟರು. ಟೀ ಅಂಗಡಿಯ ರಾಮಾಂಜಿನಯ್ಯ ನಕ್ಕಿದ್ದಕ್ಕೆ ನನಗೆ ಸಿಟ್ಟೂ ಬಂತು.

ಮೇಜು ಮೂಲತಃ ಅವರ ಗಂಡ ಏಜಾಜ್ ಅಹಮದ್ ಅವರದು. ಟೇಪ್ ರೆಕಾರ್ಡರ್, ರೇಡಿಯೋ ಕಾಲದಿಂದ ಕೂತವರು. ಹದಿನಾಲ್ಕು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಯಿತು. ಬೆಸುಗೆ ಕಡ್ಡಿ ಹಿಡಿದರೆ ಒಂದು ತಂತಿಗೆ ಮುಟ್ಟಿಸಬೇಕಾದದ್ದು ಎರಡಕ್ಕೂ ಮುಟ್ಟುತ್ತಿತ್ತು. ಸದಾಶಿವನಗರದ ಮನೆಯ ಅಡುಗೆಕೋಣೆಯಲ್ಲಿ ಮೂರು ತಿಂಗಳು ಅಖ್ತರ್ ಬಾನು ಕೆಲಸ ಕಲಿತರು. ಎಡ ಮಣಿಕಟ್ಟಿನ ಮೇಲೆ ಆಗಿನ ಸುಟ್ಟ ಗುರುತು ಇನ್ನೂ ಇದೆ. ಮೊದಮೊದಲು ಗಿರಾಕಿಗಳು ಮೇಜಿನವರೆಗೆ ಬಂದು, "ಭಾಯ್ ಇಲ್ವಾ?" ಎಂದು ತಿರುಗಿ ಹೋಗುತ್ತಿದ್ದರಂತೆ. "ಒಂದ್ ವಾರ ಬರೀ ಟೀ ಕುಡ್ಕೊಂಡ್ ಮನೆಗ್ ಹೋದೆ ಸಾರ್. ಅಳು ಬರ್ತಿತ್ತು."

ಏಜಾಜ್ ಈಗ ಮನೆಯಲ್ಲಿದ್ದಾರೆ, ಆದರೆ ಸುಮ್ಮನೆ ಕೂತಿಲ್ಲ. ಕಷ್ಟದ ಪೀಸುಗಳನ್ನು ಹೆಂಡತಿ ಮನೆಗೆ ಒಯ್ಯುತ್ತಾರೆ, ಇವರು ಕಿವಿಗಿಟ್ಟು ಕೇಳಿ ತಪ್ಪು ಹೇಳುತ್ತಾರೆ. ನಾನು ಹೋದ ದಿನ ನನ್ನೆದುರೇ ಒಂದನ್ನು ಕೇಳಿ, "ಬಲಗಡೆ ಹಾಡೋನು ಸ್ವಲ್ಪ ದೂರ ಕೂತವ್ನೆ, ಹತ್ರ ಕರ್ಕೊಂಡ್ ಬಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಂಗೆ ಕೈ ನಡುಗ್ತದೆ, ಕಿವಿ ನಡುಗಲ್ಲ" ಎಂದರು. ಹಲಗೆಗೆ ಮೊಳೆ ಹೊಡೆದದ್ದು ಅವರೇ, ಕೈ ಚೆನ್ನಾಗಿದ್ದ ಕಾಲದಲ್ಲಿ.

ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಇಯರ್‌ಫೋನು, ಏಳೆಂಟು ಫೋನಿನ ಜ್ಯಾಕು. ಐದು ವರ್ಷದ ಕೆಳಗೆ ಇದರ ಎರಡರಷ್ಟಿತ್ತು. ಕಾರಣ ಎಲ್ಲರಿಗೂ ಗೊತ್ತು. ಹೊಸ ಫೋನುಗಳಲ್ಲಿ ಇಯರ್‌ಫೋನ್ ಚುಚ್ಚುವ ಆ ದುಂಡನೆಯ ತೂತೇ ಇಲ್ಲ. ಕಂಪನಿಗಳಿಗೆ ಅದು ಬೇಡವಾಗಿದೆ. ನೀರು ಒಳಗೆ ಹೋಗುತ್ತದೆ, ಜಾಗ ತಿನ್ನುತ್ತದೆ, ಆ ಜಾಗದಲ್ಲಿ ಬ್ಯಾಟರಿ ದೊಡ್ಡದು ಮಾಡಬಹುದು ಎನ್ನುತ್ತಾರೆ. ಅಖ್ತರ್ ಬಾನು ಇದನ್ನೆಲ್ಲ ಸುಳ್ಳು ಎನ್ನುವುದಿಲ್ಲ. "ತೂತಿದ್ರೆ ಧೂಳು ಹೋಗ್ತದೆ, ನಿಜ. ಆ ಧೂಳಿಂದ್ಲೇ ನಮ್ಮನೆ ನಡೀತಿರೋದು. ಆದ್ರೆ ನೀವ್ ತೂತು ಮುಚ್ಚೋಕ್ ಮುಂಚೆ ಯಾರ್ಯಾರು ಅದ್ರಲ್ಲಿ ಬದುಕ್ತಾವ್ರೆ ಅಂತ ಕೇಳಿದ್ರಾ? ಸೆಕ್ಯೂರಿಟಿ ಗಾರ್ಡ್‌ಗೆ ಫೋನಲ್ಲಿ ರೇಡಿಯೋ ಬೇಕಂದ್ರೆ ಆ ವಯರೇ ಆಂಟೆನಾ. ಬ್ಲೂಟೂತಲ್ಲಿ ಬಂತಾ ರೇಡಿಯೋ? ಬರಲ್ಲ."

ತೂತಿನೊಳಗೆ ಹೋಗುವುದು ಬರೀ ಧೂಳೂ ಅಲ್ಲ. ದೇವರಾಯನದುರ್ಗದ ಬೆಟ್ಟಕ್ಕೆ ಹೋಗಿಬಂದವರ ಅಂಗಿ ಜೇಬಿನಲ್ಲಿ ಕುಂಕುಮದ ಪೊಟ್ಟಣ ಬಿಚ್ಚಿಕೊಂಡಿರುತ್ತದೆ. ಮದುವೆ ಕಾಲ ಬಂತೆಂದರೆ ಅಕ್ಷತೆ. ತಾಳಿ ಕಟ್ಟುವಾಗ ಎಲ್ಲರೂ ವೀಡಿಯೋ ತೆಗೆಯಲು ಫೋನ್ ಎತ್ತಿ ಹಿಡಿಯುತ್ತಾರೆ, ಹಿಂದಿನವರು ಎಸೆದ ಅಕ್ಕಿ ಕಾಳು ಫೋನಿನ ನೆತ್ತಿಯ ತೂತಿಗೆ ಸರಿಯಾಗಿ ಬಂದು ಬೀಳುತ್ತದೆ. ಕಾಳು ಒಳಗಿನ ಕಬ್ಬಿಣದ ನಾಲಿಗೆಯನ್ನು ಒತ್ತಿದರೆ, ಇಯರ್‌ಫೋನ್ ಹಾಕಿದ್ದಾರೆ ಎಂದು ಫೋನು ನಂಬಿಬಿಡುತ್ತದೆ. ಆಮೇಲೆ ಮಾತೂ ಇಲ್ಲ, ಹಾಡೂ ಇಲ್ಲ. ಮನೆಯಲ್ಲಿ ಪಿನ್ನು ಹಾಕಿ ಕೆದಕಿದರೆ ಕಾಳು ಇನ್ನೂ ಒಳಗೆ ಹೋಗುತ್ತದೆ.

ಇದಕ್ಕೆ ಅವರ ಮದ್ದು ಹಲಸಿನ ಮೇಣ. ಖಾಲಿ ಪೆನ್ನಿನ ರೀಫಿಲ್ಲಿನ ತುದಿಗೆ ಸಾಸಿವೆಯಷ್ಟು ಮೇಣ ಹಚ್ಚಿ, ಬಿಸಿಗೆ ತೋರಿಸಿ ಮೆದು ಮಾಡಿ, ತೂತಿಗಿಳಿಸಿ, ಹತ್ತು ಎಣಿಸಿ ಮೇಲೆತ್ತುತ್ತಾರೆ. ಅಂಟು ಉಳಿದರೆ ಒಂದು ತೊಟ್ಟು ಸ್ಪಿರಿಟ್ಟು. ಮೇಣ ಬರುವುದು ಗುಬ್ಬಿಯಿಂದ. ಪ್ರತಿ ಹಲಸಿನ ಕಾಲದಲ್ಲಿ ಕಡ್ಡಿಗೆ ಸುತ್ತಿಕೊಂಡು ತಂದುಕೊಡುವವರು ಗುಂಡಯ್ಯ ಎಂಬ ಗಿರಾಕಿ.

ಈ ಮೇಜಿಗೀಗ ಎತ್ತಂಗಡಿಯ ಹೊತ್ತು ಬಂದಿದೆ. ಪಕ್ಕದ ಮೊಬೈಲ್ ಅಂಗಡಿಯ ಬಸವರಾಜ್ ಮುಂಭಾಗಕ್ಕೆಲ್ಲ ಗಾಜು ಹಾಕಿಸುತ್ತಿದ್ದಾರೆ. ಹಲಗೆ ಇರುವ ಗೋಡೆ ಒಡೆಯಬೇಕು. ಕೆಟ್ಟ ಮನುಷ್ಯರಲ್ಲ ಅವರು. ಹದಿನಾಲ್ಕು ವರ್ಷ ಒಂದು ಪೈಸೆ ಬಾಡಿಗೆ ಕೇಳಿಲ್ಲ. ಈಗಲೂ ಕೈಬಿಟ್ಟಿಲ್ಲ, ಒಳಗೇ ಕೆಲಸ ಕೊಡುತ್ತೇನೆ ಎಂದಿದ್ದಾರೆ. ಫ್ಯಾನ್ ಕೆಳಗೆ ಕುರ್ಚಿ, ತಿಂಗಳ ಸಂಬಳ. ಇಯರ್‌ಬಡ್ ಮಾರಬೇಕು, ರಿಪೇರಿ ಇಲ್ಲ. ಸೋಮವಾರ ಉತ್ತರ ಹೇಳಬೇಕು.

"ಅಕ್ಕ ಹೊಗೆ ಕುಡ್ಕೊಂಡು ಬಿಸ್ಲಲ್ಲಿ ಎಷ್ಟು ದಿನ ಕೂರ್ತಾರೆ ಸಾರ್?" ಎಂದು ಬಸವರಾಜ್ ಕೇಳುತ್ತಾರೆ. "ಹೊಸ ಫೋನ್ ತಗೊಳೋರು ಕ್ಯಾಮೆರಾ ಕೇಳ್ತಾರೆ, ಬ್ಯಾಟರಿ ಕೇಳ್ತಾರೆ. ಜ್ಯಾಕ್ ಇದೆಯಾ ಅಂತ ನೂರಕ್ಕೆ ಐದು ಜನ ಕೇಳಿದ್ರೆ ಹೆಚ್ಚು. ಹೋಗೋ ವಸ್ತು ಹೋಗ್ತದೆ." ಅವರ ಲೆಕ್ಕ ನನಗೂ ಸರಿ ಅನಿಸಿತು. ಒಪ್ಪಿಕೊಳ್ಳಿ ಎಂದು ಅಖ್ತರ್ ಬಾನು ಅವರಿಗೆ ನಾನೂ ಒಂದು ಮಾತು ಹೇಳಿದೆ. ಅವರು ಏಜಾಜ್ ಅವರ ಮಾತ್ರೆ ಚೀಟಿ ಬ್ಯಾಗಿನಿಂದ ತೆಗೆದು ನೋಡಿ, ಮತ್ತೆ ಮಡಿಸಿಟ್ಟರು. "ಹೂಂ ಅನ್ನೋಣ ಅಂತಾನೇ ಇದೀನಿ" ಎಂದರು.

ಸೋಮವಾರ ಬಂತು. ಹಿಂದಿನ ದಿನ ಭಾನುವಾರ ಭರ್ಜರಿ ಮುಹೂರ್ತ. ಆರೂ ಕಾಲರೊಳಗೆ ಮೇಜಿನ ಮೇಲೆ ನಾಲ್ಕು ಮೂಕ ಫೋನುಗಳಿದ್ದವು, ನಾಲ್ಕರಲ್ಲೂ ಅಕ್ಷತೆ. ಗುಬ್ಬಿ ಬಸ್ಸಿನಿಂದ ಗುಂಡಯ್ಯ ಇಳಿದು, ಕೋಲು ತಟ್ಟುತ್ತ ಬಂದರು. ಐವತ್ತು ದಾಟಿದ ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಏಳು ಗಂಟೆಯಿಂದ ಫೋನ್ ಎತ್ತುವ ಕೆಲಸ. ಒಂದು ಕಿವಿಗೆ ಮೇಜಿನ ಫೋನು, ಇನ್ನೊಂದಕ್ಕೆ ತಮ್ಮ ಮೊಬೈಲಿನ ಇಯರ್‌ಫೋನು. ರೋಗಿ ಹೆಸರು ಹೇಳುತ್ತಿದ್ದಂತೆ ಇವರು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. ಒತ್ತಿದ ಒಂದೊಂದು ಅಕ್ಷರವನ್ನೂ ಮೊಬೈಲು ಓದಿ ಹೇಳುತ್ತದೆ.

ಆವತ್ತು ಅವರ ಮುಖ ಸಪ್ಪಗಿತ್ತು. ತಂಗಿ ಮಗಳ ಮದುವೆಯಲ್ಲಿ ವಾಲಗ ರೆಕಾರ್ಡ್ ಮಾಡಲು ಫೋನ್ ಎತ್ತಿ ಹಿಡಿದಿದ್ದರಂತೆ. ಆಗ ಹೋದ ದನಿ ಬರಲೇ ಇಲ್ಲ. ಭಾನುವಾರ ಮಧ್ಯಾಹ್ನವೇ ಮಗಳು ತ್ರಿವೇಣಿ ಅವರನ್ನು ಬಸವರಾಜ್ ಅಂಗಡಿಗೆ ಕರೆತಂದಿದ್ದಳು. ಭಾನುವಾರ ಅಖ್ತರ್ ಬಾನು ಅವರಿಗೆ ರಜೆ. ಬೆಳಕು ತಮಗೆ ಯಾಕೆಂದು ಗುಂಡಯ್ಯ ಫೋನಿನ ಪರದೆಯನ್ನು ಸದಾ ಕತ್ತಲು ಮಾಡಿಯೇ ಇಟ್ಟಿರುತ್ತಾರೆ. ಬೆಳಕಿಲ್ಲ, ಸದ್ದಿಲ್ಲ. ಬಸವರಾಜ್ ನೋಡಿ, ಬೋರ್ಡೇ ಹೋಗಿದೆ, ಹೊಸದು ತಗೊಳ್ಳಿ ಎಂದು ಒಂದು ಫೋನು, ಒಂದು ಜೊತೆ ಇಯರ್‌ಬಡ್ ತೆಗೆದಿಟ್ಟಿದ್ದರು.

"ಅದ್ನೂ ಕಿವೀಗ್ ಹಾಕ್ಕಂಡ್ ನೋಡ್ದೆ ಕಣವ್ವ" ಎಂದರು ಗುಂಡಯ್ಯ. "ನಾನ್ ಒತ್ತಿದ್ ಅಕ್ಷರಾನ ಅದು ಆಮ್ಯಾಕೆ ಹೇಳ್ತದೆ. ನಾನು ಮುಂದಿನ್ ಅಕ್ಷರಕ್ ಹೋಗಿರ್ತೀನಿ, ಅದು ಹಿಂದಿನ್ದೇ ಕೂಗ್ತಿರ್ತದೆ. ಅತ್ಲಾಗೆ ಪೇಶೆಂಟು ಬಡ್ಕೊಳ್ತಿರ್ತಾರೆ. ಹಿಂಗಾದ್ರೆ ನನ್ನ ಯಾರು ಇಟ್ಕೋತಾರೆ ಕೆಲ್ಸಕ್ಕೆ? ಆಗೋಯ್ತು ಬುಡು."

ಅಖ್ತರ್ ಬಾನು ಫೋನನ್ನು ಅಂಗೈಯಲ್ಲಿಟ್ಟು ಪರದೆಯ ಮೇಲೆ ಬೆರಳು ಆಡಿಸಿದರು. ಒಂದು ಗಳಿಗೆ ಹಾಗೇ ಹಿಡಿದಿದ್ದರು. "ಜುಂ ಅಂತು. ಸತ್ತ ಫೋನು ಜುಂ ಅನ್ನಲ್ಲ ಗುಂಡಣ್ಣ." ರೀಫಿಲ್ ತುದಿಗೆ ಮೇಣ ಹಚ್ಚಿ ಇಳಿಸಿದರು. ತುಟಿಯಲ್ಲೇ ಹತ್ತು ಎಣಿಸಿದರು. ಮೊದಲ ಸಲ ಬರೀ ಅರಿಶಿನ ಬಂತು. ಎರಡನೇ ಸಲ ಏನೂ ಇಲ್ಲ. ಮೂರನೇ ಸಲ ಅರ್ಧ ಮುರಿದ ಅಕ್ಕಿ ಕಾಳೊಂದು ಮೇಣಕ್ಕೆ ಅಂಟಿಕೊಂಡು ಮೇಲೆ ಬಂತು.

"ಸಮಯ ಆರು ಗಂಟೆ ಇಪ್ಪತ್ತೆರಡು ನಿಮಿಷ" ಎಂದು ಫೋನು ಗಟ್ಟಿಯಾಗಿ ಕೂಗಿತು. ರಾಮಾಂಜಿನಯ್ಯನ ಕೈಯಲ್ಲಿದ್ದ ಟೀ ಚೆಲ್ಲಿತು. ಗುಂಡಯ್ಯ ಎರಡೂ ಕೈಯಲ್ಲಿ ಫೋನನ್ನು ಎದೆಗೊತ್ತಿಕೊಂಡು ನಿಂತುಬಿಟ್ಟರು. ಅಖ್ತರ್ ಬಾನು ಮಾತ್ರ, "ಮಾವ ಆದೋರಿಗೆ ಒಂದ್ ಕಾಳು ಜಾಸ್ತಿನೇ ಬಿದ್ದಿದೆ, ತಗೊಳ್ಳಿ" ಎಂದು ಅದನ್ನು ಅವರ ಅಂಗೈಗೆ ಹಾಕಿದರು.

ಒಂಬತ್ತೂವರೆಗೆ ಬಸವರಾಜ್ ಬಂದರು. ಶಟರ್ ಎತ್ತುವ ಮೊದಲೇ ರಾಮಾಂಜಿನಯ್ಯ ಸುದ್ದಿ ಮುಟ್ಟಿಸಿದ್ದರು. ಬಸವರಾಜ್ ಮುಖ ಕೆಂಪಾಯಿತು. "ಅಯ್ಯೋ, ನಂಗೆ ಹೊಳೀಲೇ ಇಲ್ಲ ಕಣಕ್ಕ. ಪಾಪ, ಆ ಮನುಷ್ಯಂಗೆ ಸತ್ತೋಗಿದೆ ಅಂದ್ಬಿಟ್ನಲ್ಲ" ಎಂದರು. ಅಖ್ತರ್ ಬಾನು ಅವರನ್ನು ಬೈಯಲಿಲ್ಲ. ನಿಧಾನವಾಗಿ ಹೇಳಿದರು: "ನಿಮ್ ತಪ್ಪಲ್ಲ ಬಸವರಾಜ್. ನಿಮ್ ಕುರ್ಚೀಲಿ ಕೂತಿದ್ರೆ ನಾನೂ ಅದ್ನೇ ಹೇಳ್ತಿದ್ದೆ. ಹೊಸದು ಪಕ್ಕದಲ್ಲೇ ಇರ್ತದಲ್ಲ, ಹಳೇದ್ರೊಳಗೆ ಬಗ್ಗಿ ನೋಡ್ಬೇಕು ಅನ್ಸಲ್ಲ. ಅದ್ಕೇ ಒಳಗೆ ಬರಲ್ಲ ನಾನು."

"ಗೋಡೆ ಹೋಗ್ತದಲ್ಲಕ್ಕ. ಗಾಜು ಆರ್ಡರ್ ಆಗೋಗಿದೆ."

"ಗೊತ್ತು."

"ಈ ತೂತು ಇನ್ನೆಷ್ಟು ವರ್ಷ ಇರ್ತದೆ ಅಂತ ಕೂರ್ತೀರಿ?"

"ಇರೋಷ್ಟು ವರ್ಷ" ಎಂದು ಅವರು ಮುಂದಿನ ಫೋನ್ ಎತ್ತಿಕೊಂಡರು.

ಜಾಗ ಕೊಟ್ಟವರು ರಾಮಾಂಜಿನಯ್ಯ. ಜಾಗ ಎಂದರೆ ಮೊಬೈಲ್ ಅಂಗಡಿಗೂ ಟೀ ಅಂಗಡಿಗೂ ನಡುವಿನ ಒಂದೂ ಕಾಲು ಅಡಿ ಅಗಲದ ಕಂಬ. "ಕಂಬ ನಂದೂ ಅಲ್ಲ, ಅವಂದೂ ಅಲ್ಲ. ಹೊಡ್ಕೊಳವ್ವ ಮೊಳೇನ" ಎಂದರಂತೆ. ಒಂದಡಿಯ ಹಲಗೆ ಅದಕ್ಕೆ ಸರಿಹೋಯಿತು. ಮೇಜಿಗೆ ಜಾಗ ಸಾಲದೆ, ಅರ್ಧ ಕತ್ತರಿಸಬೇಕಾಯಿತು. ಹಲಗೆ ಹೊಡೆಯುವ ದಿನ ಏಜಾಜ್ ಆಟೋದಲ್ಲಿ ಬಂದಿದ್ದರು. ಸುತ್ತಿಗೆ ಹೆಂಡತಿಯ ಕೈಯಲ್ಲಿತ್ತು. ಗಟ್ಟಿಯಾಗಿ ಕೂತಿತೋ ಇಲ್ಲವೋ ಎಂದು ಇವರು ಪೆಟ್ಟಿನ ಸದ್ದು ಕೇಳಿ ಹೇಳಿದರು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ನಾನು ಮತ್ತೆ ಹೋಗಿದ್ದೇನೆ. ಗಾಜು ಬಂದಿದೆ. ಮೂರು ಮೊಳೆಯೂ ತುಂಬಿವೆ, ಗಿರಾಕಿ ಒಬ್ಬರೂ ಕಡಿಮೆಯಾಗಿಲ್ಲ. ಆದರೆ ಬಿಸಿಲು ಮಾತ್ರ ಈಗ ನೇರ ನೆತ್ತಿಗೆ. ನಿಮಗೇನು ಆಸೆ ಎಂದು ಲೇಖನಕ್ಕಾಗಿ ಕೇಳುತ್ತೇನೆ. "ಒಂದು ದೊಡ್ಡ ಛತ್ರಿ" ಎಂದು ಅವರು ಬೆವರೊರೆಸಿಕೊಳ್ಳುತ್ತಾರೆ.

ಮೂರು ಗಂಟೆಗೆ ಕೆಲಸ ಮುಗಿಸಿ ಗುಂಡಯ್ಯ ಬರುತ್ತಾರೆ. ಕೆಲಸಕ್ಕೆ ಇನ್ನೊಂದನ್ನು ಇಟ್ಟುಕೊಂಡು, ಬೆಳಿಗ್ಗೆ ಕೊಟ್ಟುಹೋದ ಇಯರ್‌ಫೋನ್ ಒಯ್ಯಬೇಕು. ಬರುತ್ತಿದ್ದಂತೆ ಅಭ್ಯಾಸಬಲದಿಂದ ಅವರ ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ಅಲ್ಲಿ ತಣ್ಣನೆಯ ಗಾಜು. ಬೆರಳುಗಳು ಮೇಲೆ, ಕೆಳಗೆ ತಡಕಾಡುತ್ತವೆ. ಗಾಜಿನ ಒಳಗಿಂದ ಬಸವರಾಜ್ ಎದ್ದು ನಿಲ್ಲುವುದು ನನಗೆ ಕಾಣುತ್ತದೆ. ನಾನು ಗುಂಡಯ್ಯ ಅವರ ತೋಳು ಹಿಡಿಯಲು ಏಳುತ್ತೇನೆ. ಬೇಡ ಎಂದು ಅಖ್ತರ್ ಬಾನು ಕೈಸನ್ನೆ ಮಾಡುತ್ತಾರೆ.

ಕೈಯಲ್ಲಿದ್ದ ಚಿಮಟದಿಂದ ಗುಬ್ಬಿ ಮೊಳೆಯನ್ನು ಎರಡು ಸಲ ತಟ್ಟುತ್ತಾರೆ. ಟಿಕ್, ಟಿಕ್.

ಗುಂಡಯ್ಯ ತಲೆ ತಿರುಗಿಸುತ್ತಾರೆ. ಎರಡು ಹೆಜ್ಜೆ ಬಲಕ್ಕೆ ಇಟ್ಟು ಕೈ ಚಾಚುತ್ತಾರೆ. ಆ ಮೊಳೆಯಲ್ಲಿ ಐದು ಇಯರ್‌ಫೋನ್‌ಗಳಿವೆ. ಬೆರಳಲ್ಲೇ ಸವರಿ ಮೂರನೆಯದನ್ನು ಬಿಡಿಸಿಕೊಂಡು, ಫೋನಿಗೆ ಚುಚ್ಚಿ, ಕಿವಿಗೆ ಹಾಕಿ, "ಸರಿಯಾಯ್ತು ಕಣವ್ವ" ಎಂದು ಬಸ್ಸಿನ ಕಡೆ ನಡೆಯುತ್ತಾರೆ.

"ಬರ್ಕೊಳ್ಳಿ ಸಾರ್" ಎನ್ನುತ್ತಾರೆ ಅಖ್ತರ್ ಬಾನು, ಬೆಸುಗೆಯಿಂದ ಕಣ್ಣೆತ್ತದೆ. "ಹದಿನಾಲ್ಕು ವರ್ಷ. ಒಬ್ರುದು ಇನ್ನೊಬ್ರಿಗೆ ಹೋಗಿಲ್ಲ."