ಒಂಬತ್ತನ್ನು ಎರಡು ಎಂದು ಬರೆದ ಬ್ರೇಕ್ ಮೇಡಂ

ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸುವುದನ್ನು ಕಲಿಸುತ್ತಿದ್ದ ಆಕೆಯನ್ನು ಎಲ್ಲರೂ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಬಳಿಯ ಇನ್ನೊಂದು ಬ್ರೇಕ್ ಒತ್ತಿ, ಕಲಿಯುವವರನ್ನೂ ಎದುರಿನ ಕರೆಂಟು ಕಂಬವನ್ನೂ ಉಳಿಸುವುದು ಅವರ ಕೆಲಸ. ಬಾಯಿಗೆ ಮಾತ್ರ ಬ್ರೇಕ್ ಇರಲಿಲ್ಲ.

ಐವತ್ತಮೂರನೆಯ ವಯಸ್ಸಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಆಗಲೇ ಯಕೃತ್ತಿಗೂ ಹರಡಿತ್ತು. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು ಡಾಕ್ಟರು. ಜೊತೆಗಿದ್ದ ತಂಗಿ ಗೊಳೋ ಎಂದಳು. ಹಾರ್ಮೋನ್ ತಡೆಯುವ ಮಾತ್ರೆಯ ಜೊತೆ ಹೊಸದೊಂದು ಮಾತ್ರೆ ಸೇರಿಸಿದರೆ ಗೆಡ್ಡೆ ಇನ್ನಷ್ಟು ಕಾಲ ತೆಪ್ಪಗಿರುತ್ತದೆಯೇ ಎಂದು ನೋಡುವ ಪ್ರಯೋಗ ಆ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಅರ್ಧ ಜನಕ್ಕೆ ಒಂದು ಮಾತ್ರೆ, ಅರ್ಧ ಜನಕ್ಕೆ ಎರಡು. ಯಾರಿಗೆ ಯಾವುದೆಂದು ಕಂಪ್ಯೂಟರ್ ಚೀಟಿ ಎತ್ತುತ್ತಿತ್ತು. ಮೇಡಂ ಒಪ್ಪಿಗೆಪತ್ರದ ಮೂವತ್ತೊಂದು ಪುಟವನ್ನೂ ಓದಿ, ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಕೂದಲು ತೆಳುವಾಗುವುದಕ್ಕೂ ಸಾವಿಗೂ ನಡುವೆ ಒಂದೇ ಅಲ್ಪವಿರಾಮವಿರುವುದನ್ನು ತಂಗಿಗೆ ತೋರಿಸಿ ನಕ್ಕು, ಸಹಿ ಹಾಕಿದರು.

ಅವರ ಪಾಲಿಗೆ ಎರಡು ಮಾತ್ರೆ ಬಂತು. ಮೂರನೆಯ ವಾರ ಭೇದಿಯೂ ಬಂತು. ಅದೂ ಪಾಠದ ನಡುವೆ, ಬ್ಯಾಂಕ್ ಮ್ಯಾನೇಜರೊಬ್ಬರು ಸ್ಟೀರಿಂಗ್ ಹಿಡಿದಿದ್ದಾಗ. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೊಡೆಯಿರಿ ಎಂದು ಮೇಡಂ ಗದರಿದ ರಭಸಕ್ಕೆ, ಅದುವರೆಗೆ ಎರಡನೆಯ ಗೇರ್ ದಾಟದ ಮನುಷ್ಯ ಅಂದು ನಾಲ್ಕನೆಯದನ್ನು ಕಂಡ.

ದಿನಕ್ಕೆ ಎಷ್ಟು ಸಲ ಎಂದು ಬರೆಯಲು ಪ್ರಯೋಗದ ನರ್ಸು ಒಂದು ಪುಸ್ತಕ ಕೊಟ್ಟಿದ್ದಳು. ಒಂಬತ್ತು ಸಲ ಓಡಿದ ದಿನವೂ ಮೇಡಂ ಎರಡು ಎಂದೇ ಬರೆದರು. ಸ್ಕ್ಯಾನಿನಲ್ಲಿ ಗೆಡ್ಡೆ ಮೂರರಲ್ಲಿ ಒಂದು ಭಾಗ ಕುಗ್ಗಿದ್ದು ಕಂಡಮೇಲಂತೂ ಸುಳ್ಳು ಇನ್ನೂ ಸಲೀಸಾಯಿತು. ಹನ್ನೊಂದನೆಯ ವಾರ ರಕ್ತಪರೀಕ್ಷೆಗೆ ನಿಂತ ಸಾಲಿನಲ್ಲೇ ಕಣ್ಣು ಕತ್ತಲೆಗಟ್ಟಿ ಕುಸಿದರು. ಡ್ರಿಪ್ ಹಾಕಿ, ನರ್ಸು ಆ ಪುಸ್ತಕ ಹಿಡಿದು ಪಕ್ಕ ಕೂತಳು.

"ನಿಜವಾಗ್ಲೂ ಎರಡೇ ಸಲಾನಾ?"

"ಒಂಬತ್ತು. ನಿಜ ಬರೆದ್ರೆ ಹೊರಗೆ ಹಾಕ್ತೀರಿ ಅಂದ್ಕೊಂಡೆ."

"ಡೋಸ್ ಕಮ್ಮಿ ಮಾಡ್ತಿದ್ವಿ, ಅಷ್ಟೇ. ನೀವು ಬರೆದಿದ್ದನ್ನ ನಂಬಿ ನಾಳೆ ಇನ್ಯಾರಿಗೋ ಇದೇ ಡೋಸ್ ಕೊಡ್ತಾರೆ ಮೇಡಂ. ಅವರು ಮನೇಲಿ ಒಬ್ಬರೇ ಇದ್ದಾಗ ಬಿದ್ರೆ?"

ಮೇಡಂ ಪೆನ್ನು ಕೇಳಿದರು. ಹಳೆಯ ಅಂಕಿ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕುತ್ತ ಒಂದೊಂದೇ ವಾರ ತಿದ್ದಿದರು. ಮರೆತ ದಿನಗಳಿಗೆ ತಂಗಿಯೇ ಸಾಕ್ಷಿ. ಮನೆಯಲ್ಲಿರುವುದು ಒಂದೇ ಶೌಚಾಲಯ, ಹೊರಗೆ ಕಾದು ನಿಂತವಳು ಅವಳೇ.

ಎರಡು ವಾರ ಹೊಸ ಮಾತ್ರೆ ನಿಲ್ಲಿಸಿ, ಡೋಸ್ ಇಳಿಸಿ ಮತ್ತೆ ಶುರು ಮಾಡಿದರು. ಗೆಡ್ಡೆ ಹತ್ತೊಂಬತ್ತು ತಿಂಗಳು ಸುಮ್ಮನಿತ್ತು, ಆಮೇಲೆ ಬೆಳೆಯತೊಡಗಿತು. ಮೇಡಂ ಪ್ರಯೋಗದಿಂದ ಹೊರಬಿದ್ದರು. ಮರುವರ್ಷ ಡಾಕ್ಟರು ಕರೆದು ಫಲಿತಾಂಶ ಹೇಳಿದರು: ಎರಡು ಮಾತ್ರೆಯವರಲ್ಲಿ ರೋಗ ಸರಾಸರಿ ಏಳು ತಿಂಗಳು ಹೆಚ್ಚು ಹತೋಟಿಯಲ್ಲಿತ್ತು, ಭೇದಿಯ ಲೆಕ್ಕ ನೋಡಿ ಇನ್ನು ಮುಂದೆ ಎಲ್ಲರಿಗೂ ಮೊದಲಿಂದಲೇ ಕಡಿಮೆ ಡೋಸ್. ಅದರಲ್ಲಿ ತಮ್ಮ ಹೊಟ್ಟೆಯ ಕೊಡುಗೆಯೂ ಇದೆ ಎಂದು ಮೇಡಂ ಡ್ರೈವಿಂಗ್ ಸ್ಕೂಲಿನಲ್ಲೆಲ್ಲ ಸಾರಿಕೊಂಡು ಬಂದರು.

ಈಗ ಮಾತ್ರೆಯ ಬದಲು ಮೂರು ವಾರಕ್ಕೊಮ್ಮೆ ಇಂಜೆಕ್ಷನ್. ಅದರಿಂದ ಬೆರಳುಗಳು ಜೋಮು ಹಿಡಿಯುತ್ತವೆ. ವಾರಕ್ಕೆ ಎರಡು ದಿನ ಪಾಠ ಮಾಡುತ್ತಾರೆ. ಉಳಿದ ದಿನ ಮಲಗಿದಲ್ಲಿಂದಲೇ ತಂಗಿಯ ಅಡುಗೆಗೆ ಹೆಸರಿಡುತ್ತಾರೆ.