ಕಾಕಾ ಕೇಳಾಕತ್ತಾರ

ಗುರುಪಾದಪ್ಪ ಕಾಕಾ ಕೆಲಸಕ್ಕೆ ಕುಳಿತರೆ ಮೊದಲು ಕಣ್ಣು ಮುಚ್ಚುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮಷೀನಿನ ಬೇರಿಂಗಿಗೆ ಇಟ್ಟು, ಹಿಡಿಕೆಯನ್ನು ಕಿವಿಗೊತ್ತಿ, ತಲೆಯನ್ನು ಎಡಕ್ಕೆ ವಾಲಿಸಿ ಕುಳಿತುಬಿಟ್ಟರೆ ಹತ್ತು ಸಲ ಕರೆದರೂ ಓಗೊಡುತ್ತಿರಲಿಲ್ಲ. ಹಾನಗಲ್ಲಿನಿಂದ ತಡಸದವರೆಗಿನ ಅಕ್ಕಿ ಗಿರಣಿಗಳಿಗೆಲ್ಲ ಅವರೇ ಫಿಟರ್. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅವರ ಕೈಕೆಳಗೆ ಇಪ್ಪತ್ತು ವರ್ಷ ದುಡಿದೆ. ಪಾನಾ ಹಿಡಿದು ನಟ್ಟು ಬಿಗಿಯುವುದಕ್ಕಿಂತ ದೊಡ್ಡ ಕೆಲಸ ನನಗೊಂದಿತ್ತು, ಆ ಮೌನವನ್ನು ಕಾಯುವುದು. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ತಡಸದ ಗಿರಣಿ ಮಾಲಕರೊಬ್ಬರು ಒಮ್ಮೆ ರೇಗಿದರು. "ಏನ್ರಿ ಫಿಟರ್ ಸಾಹೇಬ್ರ, ನಿದ್ದಿ ಹೊಡಿಯಾಕ ಬಂದೀರೇನು?"

"ಗದ್ದಲ ಮಾಡಬ್ಯಾಡ್ರಿ. ಕಾಕಾ ಕೇಳಾಕತ್ತಾರ," ಎಂದೆ.

ಸ್ವಲ್ಪ ಹೊತ್ತಿಗೆ ಕಾಕಾ ಕಣ್ಣು ತೆರೆದರು. "ಎಣ್ಣಿ ಬಿಟ್ಟು ಎಷ್ಟ ದಿನಾ ಆತ್ರಿ?"

"ನಿನ್ನೇನ ಬಿಟ್ಟೇವಲ್ಲ!"

ಬಿಚ್ಚಿ ನೋಡಿದರೆ ಬೇರಿಂಗ್ ಒಣಗಿ ಕರಿಕಾಗಿತ್ತು. ಮರಳುವ ದಾರಿಯಲ್ಲಿ ಕಾಕಾ ನಕ್ಕರು: "ಮಷೀನ ಸುಳ್ಳ ಹೇಳೂದಿಲ್ಲೋ ಮಲ್ಲ್ಯಾ. ಮಾಲಕ ಹೇಳ್ತಾನ."

ಹೋದ ವರ್ಷ ಹಾನಗಲ್ಲಿನ ಗಿರಣಿಯಲ್ಲಿ, ಬೆಳಗಿನ ಹೊತ್ತು, "ತಲ್ಯಾಗ ಮಷೀನಿನ ಪಟ್ಟಾ ಹರದಂಗಾತಲ್ಲೋ" ಎಂದವರೇ ತಲೆ ಹಿಡಿದುಕೊಂಡು ಹೊಟ್ಟಿನ ರಾಶಿಯ ಮೇಲೆ ಕುಸಿದರು. ಹುಬ್ಬಳ್ಳಿಗೆ ಒಯ್ದೆವು. ಮಿದುಳಿನ ರಕ್ತನಾಳವೊಂದು ಉಬ್ಬಿ ಒಡೆದು, ರಕ್ತ ಮಿದುಳಿನ ಸುತ್ತ ಹರಡಿತ್ತು. ಆಪರೇಷನ್ ಮಾಡಿ ಕ್ಲಿಪ್ ಹಾಕಿದರು. ಮೂರನೇ ದಿನ ಕಾಕಾ ಚಹಾ ಕೇಳಿದರು. ಗೆದ್ದೆವು ಅಂದುಕೊಂಡೆ.

ಡಾಕ್ಟರ್ ನನ್ನೊಬ್ಬನನ್ನೇ ಹೊರಗೆ ಕರೆದರು. "ಇನ್ನೂ ಎರಡು ವಾರ ಅಪಾಯ ಐತ್ರಿ. ಚೆಲ್ಲಿದ ರಕ್ತ ತಾಗಿ ನಾಳಗೋಳು ಬಿಗೀತಾವ. ಮಿದುಳಿಗೆ ರಕ್ತ ಸಾಲೂದಿಲ್ಲ. ಮಾತು ಕಡಿಮಿ ಆದ್ರ, ಮಂಪರು ಬಂದ್ರ, ಕೈ ಸೋತ್ರ, ಒಂದ್ ನಿಮಿಷ ಕಾಯಬ್ಯಾಡ್ರಿ. ಕರೀರಿ." ನನಗೆ ಎಲ್ಲವೂ ತಿಳಿಯಿತು. ಓದದವನೆಂಬ ನೆಪ ನನಗಿಲ್ಲ.

ದಿನಾ ಒಂದು ಯಂತ್ರ ತಂದು ಕಾಕಾರ ಕಣತಲೆಗೆ ಇಡುತ್ತಿದ್ದರು. ಮಿದುಳಿನೊಳಗೆ ರಕ್ತ ಓಡುವ ಸಪ್ಪಳ ಅದರಲ್ಲಿ ಕೇಳುತ್ತಿತ್ತು. ಕಾಕಾ ಅದಕ್ಕಾಗಿ ಕಾಯುತ್ತಿದ್ದರು. ಆರನೇ ದಿನ ಕೈ ಎತ್ತಿದರು.

"ತಡೀರಿ ಡಾಕ್ಟ್ರ. ನಿನ್ನಿಗಿಂತ ದನಿ ಕೀರಲಾಗೇತಲ್ರಿ."

ಡಾಕ್ಟರ್ ಬೆರಗಾದರು. "ಹೌದ್ರಿ ಅಜ್ಜಾರ. ನಾಳ ಸಣ್ಣಾಗಿ ರಕ್ತ ಜೋರ ಓಡಾಕತ್ತೈತಿ."

"ಜೋರ ಓಡಿದ್ರ ಛಲೋ ಅಲ್ಲೇನ್ರಿ?"

"ಓಟ ಹೆಚ್ಚು. ಮುಟ್ಟೂದು ಕಡಿಮಿ."

"ನಮ್ಮ ಮಲ್ಲ್ಯಾನಂಗ ಅನ್ರಿ," ಎಂದು ಕಾಕಾ ನಕ್ಕರು. ಅವತ್ತೇ ಔಷಧ ಬದಲಿಸಿದರು, ಸಲೈನ್ ಹೆಚ್ಚಿಸಿದರು.

ಎಂಟನೇ ದಿನ ಮಧ್ಯಾಹ್ನ ಪಕ್ಕದ ಹಾಸಿಗೆಯವರಿಗೆ ಔಷಧ ಹಾಯಿಸುವ ಪಂಪು ಗುಂಯ್ ಎನ್ನುತ್ತಿತ್ತು. ಕಾಕಾ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ಮಲಗಿದ್ದರು. ಕರೆದೆ; ಓಗೊಡಲಿಲ್ಲ. ನನಗೆ ನಗು ಬಂತು. ಅವರ ಹೆಂಡತಿ ನೀಲವ್ವ ಚಿಗವ್ವ ಗಂಜಿ ತಂದಳು.

"ಯಾಕೋ ಮಲ್ಲಪ್ಪಾ, ಮಾತಾಡವಲ್ರು?"

"ಎಬ್ಬಸಬ್ಯಾಡ ಬೇ. ಪಂಪಿನ ಸಪ್ಪಳಾ ಕೇಳಾಕತ್ತಾರ."

ನಲವತ್ತು ವರ್ಷ ಬಾಳಿದವಳು, ನಂಬಿದಳು. ಗಂಜಿಯ ಡಬ್ಬಿಯನ್ನು ಸಪ್ಪಳವಾಗದಂತೆ ಕೆಳಗಿಟ್ಟಳು. ಒಂದು ತಾಸು ನಾವಿಬ್ಬರೂ ಆ ಮೌನವನ್ನು ಕಾದೆವು.

ಮಾತ್ರೆ ಕೊಡಲು ಬಂದ ನರ್ಸ್ ಕಾಕಾರ ಬಲಗೈ ಎತ್ತಿ ಬಿಟ್ಟಳು. ಅದು ಧಪ್ಪನೆ ಬಿತ್ತು. ಚಿಗವ್ವ ಅಳುತ್ತ ಹೊರಗೆ ಹೋದಳು. ಡಾಕ್ಟರ್ ಓಡಿ ಬಂದರು.

"ಎಷ್ಟೊತ್ತಿಂದ ಹಿಂಗದಾರ?"

"ಈಗಷ್ಟ ರೀ," ಎಂದೆ.

ಯಂತ್ರವನ್ನು ಕಣತಲೆಗೆ ಇಟ್ಟರು. ಸಪ್ಪಳ ದಾರದಷ್ಟು ಸಣ್ಣಗಾಗಿತ್ತು. ಮಷೀನು ಸುಳ್ಳು ಹೇಳಲಿಲ್ಲ.

ಮಿದುಳಿನ ಎಡಭಾಗ ರಕ್ತವಿಲ್ಲದೆ ಸತ್ತಿತ್ತು. ಮಾಡುವುದನ್ನೆಲ್ಲ ಮಾಡಿದರು. ಕಾಕಾ ಮತ್ತೆ ಮಾತಾಡಲಿಲ್ಲ. ಹನ್ನೊಂದು ದಿನ ಹಾಗೇ ಇದ್ದು ಹೋದರು.

ಈಗ ಗಿರಣಿಗಳಿಗೆ ನಾನೊಬ್ಬನೇ ಹೋಗುತ್ತೇನೆ. ಡಾಕ್ಟರ್ ಅಂದು ನನಗೆ ಹೇಳಿದ್ದನ್ನು ಚಿಗವ್ವನಿಗೆ ಇಂದಿಗೂ ಹೇಳಿಲ್ಲ. ಮನೆಗೆ ಬಂದವರ ಮುಂದೆ ಅವಳದು ಒಂದೇ ಮಾತು: "ಸಂಕಟಾ ಪಡಲಿಲ್ರಿ. ಏನೋ ಕೇಳಕೋಂತ ಕೇಳಕೋಂತನ ಹ್ವಾದ್ರು. ಮಲ್ಲಪ್ಪ ಬಾಜೂಕನ ಇದ್ದ, ಬೇಕಾದ್ರ ಕೇಳ್ರಿ."

ಅವರು ನನ್ನ ಕಡೆ ತಿರುಗುತ್ತಾರೆ. ನಾನು ಹೌದೆಂದು ಗೋಣು ಹಾಕುತ್ತೇನೆ.